ಸ್ಕಿಪ್ ನಂಬಿದ ಮಾತು

ಅವರು ಕುಕ್ಕರಗಾಲಲ್ಲಿ ಕೂತರೆ ಎಡ ಮೊಣಕಾಲು ಹಪ್ಪಳ ಮುರಿದಂತೆ ಸದ್ದು ಮಾಡುತ್ತಿತ್ತು. ಐಸ್ ರಿಂಕಿನ ಒಳಗೆ ಎಲ್ಲರೂ ಸುಮ್ಮನೆ ನಿಂತಿರುವಾಗ ಆ ಸದ್ದು ಈ ತುದಿಯವರೆಗೂ ಕೇಳಿಸುತ್ತಿತ್ತು. ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಅವರು ಮಾತ್ರ ಮಂಕಿ ಕ್ಯಾಪನ್ನು ಕಿವಿಯ ಮೇಲಕ್ಕೆ ಎಳೆದುಕೊಂಡು, ಭಾರದ ಗ್ರಾನೈಟ್ ಕಲ್ಲಿನ ಹಿಡಿಯನ್ನು ಮಗುವಿನ ಕೈ ಹಿಡಿದ ಹಾಗೆ ಮೆಲ್ಲಗೆ ಹಿಡಿದು, ಅದರ ಹಿಂದೆಯೇ ಜಾರಿಕೊಂಡು ಬರುತ್ತಿದ್ದರು. ಉಡುಪಿ ಕಡೆಯ, ಮೊಮ್ಮಗಳಿರುವ ಹೆಂಗಸೊಬ್ಬರು ಹಾಗೆ ಮಂಜುಗಡ್ಡೆಯ ಮೇಲೆ ಜಾರುವುದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಈಗ ಆ ನಗುವನ್ನು ನೆನೆದರೂ ಕಸಿವಿಸಿ. ಅವರ ವಿಷಯದಲ್ಲಿ ಏನು ನೆನಪಾದರೂ ನನಗೆ ಅದು ಕೊನೆಗೆ ಕಸಿವಿಸಿಯಲ್ಲೇ ಮುಗಿಯುತ್ತದೆ.

ಅವರು ನನ್ನನ್ನು ಹಿಡಿದದ್ದು ಮೆಲ್ಬರ್ನಿನ ಟಾರ್ನೀಟ್ ಬಡಾವಣೆಯ ಒಂದು ಸಭಾಂಗಣದಲ್ಲಿ, ಯುಗಾದಿ ಊಟದ ಕ್ಯೂನಲ್ಲಿ. ಸಿಡ್ನಿಯಿಂದ ಯಾರದೋ ಮನೆಗೆ ಬಂದವರು ಕೈಯಲ್ಲಿ ಖಾಲಿ ತಟ್ಟೆ ಹಿಡಿದುಕೊಂಡು ನನ್ನ ಹಿಂದೆ ನಿಂತಿದ್ದರು. ಹೆಸರಿಲ್ಲ, ಊರಿಲ್ಲ, ಮೊದಲ ಮಾತೇ ಪ್ರಶ್ನೆ.

"ಶನಿವಾರ ಬೆಳಿಗ್ಗೆ ನೀನು ಎಂತ ಮಾಡುದು?"

"ಏನಿಲ್ಲ ಆಂಟಿ, ಮನೆ ಕ್ಲೀನಿಂಗ್."

"ಗುಡಿಸ್ಲಿಕ್ಕೆ ಬರ್ತದಲ್ಲ, ಹಾಗಾದ್ರೆ ಸಾಕು. ನಾಳೆ ಡಾಕ್‌ಲ್ಯಾಂಡ್ಸ್‌ಗೆ ಬಾ. ಸ್ವೆಟರ್ ಹಾಕ್ಕೊಂಡು ಬಾ."

ಡಾಕ್‌ಲ್ಯಾಂಡ್ಸ್‌ನಲ್ಲೇ ನನ್ನ ಬ್ಯಾಂಕಿನ ಆಫೀಸು. ಸ್ಟೂಡೆಂಟ್ ಆಗಿ ಬಂದು, ಕಾಯಂ ವಾಸದ ಪಿಆರ್ ಮಾಡಿಕೊಂಡು, ಮದುವೆಯಾಗಿ, ಮಗಳನ್ನು ಹೆತ್ತು, ವರ್ಷಗಟ್ಟಲೆ ಅದೇ ಟ್ರಾಮಿನಲ್ಲಿ ಓಡಾಡಿದ್ದರೂ ಅಲ್ಲಿನ ರಿಂಕಿನ ಬಾಗಿಲನ್ನು ನಾನು ತಳ್ಳಿ ನೋಡಿರಲಿಲ್ಲ. ಹೋದೆ. ಕರ್ಲಿಂಗ್ ಎಂದರೆ ಏನೆಂದು ಅವರು ಹೇಳಿದ್ದು ಇಷ್ಟೇ: ಕೇರಂ ಬೋರ್ಡನ್ನು ಬೀದಿಯಷ್ಟು ಉದ್ದ ಮಾಡು, ಕಾಯಿಯ ಬದಲು ಕಲ್ಲು ಇಡು, ಆ ತುದಿಯ ವೃತ್ತದ ನಡುವಿಗೆ ಹತ್ತಿರ ನಿಲ್ಲಿಸಿದವರು ಗೆದ್ದರು. ಒಬ್ಬರು ಕಲ್ಲು ಬಿಡುತ್ತಾರೆ, ಇಬ್ಬರು ಅದರ ಮುಂದೆ ಮುಂದೆ ಬ್ರೂಮಿನಿಂದ, ಅಂದರೆ ತುದಿಗೆ ಬಟ್ಟೆಯಿರುವ ಪೊರಕೆಯಿಂದ, ಐಸನ್ನು ಉಜ್ಜುತ್ತಾ ಓಡುತ್ತಾರೆ. ಉಜ್ಜಿದಷ್ಟೂ ಕಲ್ಲು ದೂರ ಹೋಗುತ್ತದೆ. ತಂಡದ ಯಜಮಾನಿಗೆ ಸ್ಕಿಪ್ ಎಂದು ಹೆಸರು. ಆಟಕ್ಕೆ ಮೊದಲು ಐಸಿನ ಮೇಲೆ ನೀರಿನ ಹನಿ ಚಿಮುಕಿಸಬೇಕು, ಹನಿಗಳು ಹೆಪ್ಪುಗಟ್ಟಿ ಅದರ ಮೇಲೆ ಕಲ್ಲು ಸಲೀಸಾಗಿ ಓಡುತ್ತದೆ. ಅವರು ಅದನ್ನು ಮಾಡುತ್ತಿದ್ದ ರೀತಿ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುವ ರೀತಿಯೇ, ಅದೇ ಮಣಿಕಟ್ಟು, ಅದೇ ಅವಸರ.

ಎರಡನೇ ಸಲ ಆಂಟಿ ಎಂದಾಗ ಗದರಿದರು. "ಐಸಿನ ಮೇಲೆ ಆಂಟಿ ಗೀಂಟಿ ಇಲ್ಲ. ಆಂಟಿ ಅಂದ ಕೂಡ್ಲೇ ನೀನು ನಂಗೆ ಚಾ ಮಾಡಿ ಕೊಡ್ಲಿಕ್ಕೆ ಶುರು ಮಾಡ್ತಿ. ಸ್ಕಿಪ್ ಅನ್ನು." ಅಂದಿನಿಂದ ಅವರು ನನಗೆ ಸ್ಕಿಪ್.

ಸ್ಕಿಪ್ ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಇದ್ದರು. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಇಲ್ಲಿಗೆ ಬರುವ ಮುಂಚೆ ಗಂಡನ ಜೊತೆ ಕೆನಡಾದ ಒಂದು ಸಣ್ಣ ಊರಿನಲ್ಲಿದ್ದರಂತೆ. ಅಲ್ಲಿ ಚಳಿಗಾಲದಲ್ಲಿ ಮನೆಯಲ್ಲೇ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಆಸ್ಪತ್ರೆಯ ನರ್ಸುಗಳು ಎಳೆದುಕೊಂಡು ಹೋಗಿ ಆಟ ಕಲಿಸಿದರು. ಸಿಡ್ನಿಗೆ ಬಂದ ಮೇಲೆ ನೋಡಿದರೆ ಆಡಲು ಹೆಂಗಸರೇ ಇಲ್ಲ. ದೇಶದ ಕರ್ಲಿಂಗ್ ಸಂಘದ ಸಭೆಗೆ ಹೋಗಿ ಅದನ್ನೇ ಹೇಳಿದರು. ಹೇಳಿದವರ ತಲೆಗೇ ಹೊರೆ ಕಟ್ಟುವುದು ಎಲ್ಲ ಸಂಘಗಳ ಪದ್ಧತಿ. ಮಹಿಳೆಯರನ್ನು ಆಟಕ್ಕೆ ತರುವ ಜವಾಬ್ದಾರಿ ಇವರಿಗೇ ಬಂತು. "ನಾಲ್ಕು ಜನ ಸಿಕ್ಕಿದ್ರೆ ತಂಡ, ಮೂರು ಜನ ಸಿಕ್ಕಿದ್ರೆ ಬರೀ ಮಾತಿನ ಪಟ್ಟಾಂಗ" ಎನ್ನುತ್ತಿದ್ದರು. ಎಷ್ಟೋ ವರ್ಷ ಅವರಿಗೆ ಸಿಕ್ಕಿದ್ದು ಮೂರೇ. ಒಬ್ಬಳು ಬಸುರಿಯಾಗುವಳು, ಒಬ್ಬಳ ಗಂಡನಿಗೆ ಪರ್ತ್‌ಗೆ ವರ್ಗ, ಇನ್ನೊಬ್ಬಳಿಗೆ ಶನಿವಾರ ಮಗನ ಕ್ರಿಕೆಟ್. ತಂಡ ಕಟ್ಟುವುದರಲ್ಲೇ ಅವರ ಮೊಣಕಾಲಿನ ಒಳ್ಳೆಯ ವರ್ಷಗಳು ಕಳೆದುಹೋದವು.

ತಿಂಗಳಿಗೊಮ್ಮೆ ಮೆಲ್ಬರ್ನಿಗೆ ಬಂದರೆ ನಮ್ಮ ಬಾಡಿಗೆ ಮನೆಯ ಸೋಫಾದ ಮೇಲೆ ಮಲಗುತ್ತಿದ್ದರು. ಸುಲಭದ ಅತಿಥಿ ಏನಲ್ಲ. ನನ್ನ ಕಾಫಿಗೆ "ಇದು ಬಿಸಿನೀರಿನ ತಮ್ಮ" ಎನ್ನುವರು. ಫ್ರಿಜ್ ತೆರೆದು ಹಳೆಯ ಚಟ್ನಿ ಎಸೆಯುವರು. ನಾನು ಕಾರು ಓಡಿಸುವಾಗ ಪಕ್ಕದಲ್ಲಿ ಕೂತು ತಾವೂ ಬ್ರೇಕ್ ಒತ್ತುವರು. ನನ್ನ ಮಗಳಿಗೆ ಮಾತ್ರ ಅವರೆಂದರೆ ಪ್ರಾಣ. ಇವರು ಕನ್ನಡದಲ್ಲಿ ಕೇಳುವರು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವಳು, ಇಬ್ಬರೂ ಅಡುಗೆಮನೆಯ ಟೈಲ್ಸ್ ಮೇಲೆ ದೋಸೆಹಿಟ್ಟಿನ ಡಬ್ಬದ ಮುಚ್ಚಳ ಜಾರಿಸಿ ಆಡುವರು.

ಶನಿವಾರ ಅವಳನ್ನು ಬಿಟ್ಟು ಹೊರಡುವಾಗ ಗೇಟಿನಿಂದ ಎರಡು ಸಲ ವಾಪಸು ಹೋಗಿ ಅವಳಿಗೆ ಮುತ್ತು ಕೊಡುತ್ತಿದ್ದೆ. ಗಂಡ ಏನೂ ಅನ್ನುತ್ತಿರಲಿಲ್ಲ. ಅನ್ನದಿದ್ದುದೇ ಕಷ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಯಾರೂ ಕಳ್ಳ ಎನ್ನದಿದ್ದರೂ ದಿನವಿಡೀ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಸ್ಕಿಪ್‌ಗೆ ಅದು ಕಾಣುತ್ತಿತ್ತು. "ಗಂಡಸರು ಗಾಲ್ಫ್‌ಗೆ ಹೋಗುವಾಗ ನೋಡಿದ್ದೀಯಾ? ಹಿಂದೆ ತಿರುಗಿ ಸಹ ನೋಡುದಿಲ್ಲ. ನಾವು ಮಾತ್ರ ಗೇಟಿನಲ್ಲಿ ಮೂರು ಸರ್ತಿ ಕೈ ಬೀಸಿ, ಗ್ಯಾಸ್ ಆಫ್ ಮಾಡಿದ್ಯಾ ಅಂತ ಫೋನ್ ಮಾಡಿ..." ಎಂದು ನಗುವರು.

ಕಲಿಸುವುದರಲ್ಲಿ ಅವರು ಒಂದೇ ಒಂದು ವಿಷಯಕ್ಕೆ ಗಂಭೀರವಾಗುತ್ತಿದ್ದರು. ಓಡುವ ಕಲ್ಲಿಗೆ ನಮ್ಮ ಬ್ರೂಮ್ ತಾಗಬಾರದು. ತಾಗಿದರೆ ಆ ಕಲ್ಲು ಕೆಟ್ಟಿತು. ತಾಗಿದ್ದನ್ನು ಬೇರೆ ಯಾರೂ ಹಿಡಿಯುವುದಿಲ್ಲ, ತಾಗಿಸಿದವರೇ ಆ ಕ್ಷಣ ಕೈ ಎತ್ತಿ ಹೇಳಬೇಕು. "ಅಂಪೈರ್ ಇದ್ರೂ ಹೇಳ್ಬೇಕಾದದ್ದು ನಾವೇ. ನೀನು ತಾಗಿತು ಅಂದ್ರೆ ತಾಗಿತು, ಇಲ್ಲ ಅಂದ್ರೆ ಇಲ್ಲ. ಅದರ ಮೇಲೆ ಯಾರೂ ಮಾತಾಡುದಿಲ್ಲ." ನಾನು ತಲೆಯಾಡಿಸಿದ್ದೆ. ಹೇಳಿಸಿಕೊಳ್ಳುವಾಗ ಅದೆಷ್ಟು ಸುಲಭದ ಮಾತು.

ಅಂತೂ ನಾಲ್ಕು ಜನ ಸೇರಿದೆವು. ಸ್ಕಿಪ್, ಸಿಡ್ನಿಯ ಒಬ್ಬ ಟೀಚರ್, ಮೆಲ್ಬರ್ನಿನಿಂದ ನಾನು ಮತ್ತು ಒಬ್ಬ ಪಂಜಾಬಿ ನರ್ಸ್. ಆ ವರ್ಷದ ರಾಷ್ಟ್ರೀಯ ಮಹಿಳಾ ಪಂದ್ಯ ಸಿಡ್ನಿಯಲ್ಲಿ. ಗೆದ್ದ ತಂಡ ನವೆಂಬರ್‌ನಲ್ಲಿ ದೇಶದ ಜಾಕೆಟ್ ಹಾಕಿಕೊಂಡು ಕೆನಡಾದ ಅಂತರರಾಷ್ಟ್ರೀಯ ಪಂದ್ಯಕ್ಕೆ ಹೋಗಬೇಕು. ಸ್ಕಿಪ್ ತಮ್ಮ ಮೊಣಕಾಲಿನ ಎಕ್ಸ್‌ರೇಯನ್ನು ತಾವೇ ನೋಡಿಕೊಂಡಿದ್ದರು. "ಇದು ಇನ್ನೊಂದು ಸೀಸನ್ ತಡೆಯುವ ಕಾಲಲ್ಲ ಮಾರಾಯ್ತಿ. ಈ ಸರ್ತಿ ಆಗ್ಬೇಕು. ನಂಗೆ ಕಲಿಸಿದ ನರ್ಸುಗಳಲ್ಲಿ ಇಬ್ಬರು ಇನ್ನೂ ಇದ್ದಾರೆ. ಬಂದು ನೋಡ್ತೇವೆ ಅಂದಿದ್ದಾರೆ." ಅದೊಂದು ಆಸೆ ಬಿಟ್ಟರೆ ಅವರು ತಮಗಾಗಿ ಏನನ್ನೂ ಕೇಳಿದ್ದು ನನಗೆ ನೆನಪಿಲ್ಲ.

ಇತ್ತ ನಮ್ಮ ಹೊಸ ಮನೆ ಮುಗಿಯುತ್ತಾ ಬಂದಿತ್ತು. ಊರಿನ ಪುರೋಹಿತರು ಗೃಹಪ್ರವೇಶಕ್ಕೆ ಮುಹೂರ್ತ ತೆಗೆದುಕೊಟ್ಟರು. ಸರಿಯಾಗಿ ಕೆನಡಾದ ಪಂದ್ಯ ಶುರುವಾಗುವ ದಿನ. ಅತ್ತೆ ದಾವಣಗೆರೆಯಿಂದ ಟಿಕೆಟ್ ಬುಕ್ ಮಾಡಿಸಿಬಿಟ್ಟರು, ಮೊದಲ ಸಲ ವಿಮಾನ ಹತ್ತುವ ಸಂಭ್ರಮ ಬೇರೆ.

ನಾನು ಯಾರಿಗೂ ಬಾಯಿ ಬಿಡಲಿಲ್ಲ. ಗೆದ್ದರೆ ತಾನೇ ಕೆನಡಾ, ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ ಎಂದುಕೊಂಡೆ. ಗಂಡನಿಗೆ ಪಂದ್ಯ ಇದೆ ಎಂದೆ, ಗೆದ್ದರೆ ಏನು ಎಂದು ಹೇಳಲಿಲ್ಲ. ಸ್ಕಿಪ್ "ನವೆಂಬರ್‌ನಲ್ಲಿ ರಜೆ ಸಿಗ್ತದಲ್ಲ?" ಎಂದರೆ "ಸಿಗುತ್ತೆ ಸ್ಕಿಪ್" ಎಂದೆ. ಆಗ ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಬ್ರೂಮಿನ ಬಟ್ಟೆ ಬದಲಿಸತೊಡಗಿದರು.

ನಾವು ಸೋಲುತ್ತೇವೆ ಎಂದು ನಂಬಿದ್ದೆ. ಆದರೆ ಒಂದೊಂದೇ ಆಟ ಗೆಲ್ಲುತ್ತಾ ಹೋದೆವು. ಪ್ರತಿ ಗೆಲುವಿಗೂ ಮೂವರು ತಬ್ಬಿಕೊಂಡು ಕುಣಿಯುವರು, ನಾನೂ ಕುಣಿಯುವೆ, ಕುಣಿಯುತ್ತಲೇ ನವೆಂಬರ್‌ಗೆ ದಿನ ಎಣಿಸುವೆ. ಫೈನಲ್‌ಗೆ ಬಂದೆವು. ಫೈನಲ್‌ನ ಕೊನೆಯ ಕಲ್ಲೂ ನಮ್ಮದೇ, ಅದನ್ನು ಬಿಡಬೇಕಾದವರು ಸ್ಕಿಪ್. ಎದುರು ತಂಡದ ಕಲ್ಲು ವೃತ್ತದ ನಡುವಿನ ಪಕ್ಕದಲ್ಲಿತ್ತು. ಅದಕ್ಕಿಂತ ಒಳಗೆ ನಮ್ಮ ಕಲ್ಲು ನಿಂತರೆ ಕೆನಡಾ.

ಆ ತುದಿಯಲ್ಲಿ ಮೊಣಕಾಲು ಸದ್ದು ಮಾಡಿತು. ಕಲ್ಲು ಹೊರಟಿತು. ನಾನೂ ನರ್ಸೂ ಮುಂದೆ ಉಜ್ಜುತ್ತಾ ಓಡಿದೆವು. ಅದು ಒಳ್ಳೆಯ ಕಲ್ಲು, ನಡುದಾರಿಯಲ್ಲೇ ನನಗೆ ಗೊತ್ತಾಯಿತು. ಗೊತ್ತಾದ ಕೂಡಲೇ ನನ್ನ ಕಣ್ಣ ಮುಂದೆ ಐಸ್ ಇರಲಿಲ್ಲ. ಏರ್‌ಪೋರ್ಟಿನಲ್ಲಿ ಟ್ರಾಲಿ ಹಿಡಿದು ಸೊಸೆ ಎಲ್ಲಿ ಎಂದು ಹುಡುಕುವ ಅತ್ತೆ ಇದ್ದರು. ಹೊಸ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಪಕ್ಕದಲ್ಲಿ ನಾನಿರಲಿಲ್ಲ. ವೃತ್ತದ ಹತ್ತಿರ ಬಂದಾಗ ಕೈಗೆ ಏನೋ ಸಣ್ಣಗೆ ತಟ್ಟಿದ ಹಾಗಾಯಿತು. ಆಯಿತೋ, ಆಯಿತು ಎಂದುಕೊಂಡೆನೋ. ನನ್ನ ಕೈ ಮೇಲೆದ್ದಿತ್ತು. "ಟಚ್ಡ್ ಇಟ್" ಎಂದು ನನ್ನ ಬಾಯಿ ಹೇಳಿತ್ತು.

ನರ್ಸ್ ಒಬ್ಬಳೇ ಉಜ್ಜುತ್ತಾ ಹೋದಳು. ಕಲ್ಲು ಹೋಗಿ ನಡುವಿನಲ್ಲೇ ನಿಂತಿತು.

ಎದುರು ತಂಡದ ಸ್ಕಿಪ್, ಕೆಂಪು ಕೂದಲಿನ ಎತ್ತರದ ಹುಡುಗಿ, ನನ್ನ ಹತ್ತಿರ ಬಂದಳು. "ಆರ್ ಯೂ ಶ್ಯೂರ್?" ಎಂದಳು. ಪಾಪ, ಅವಳ ಮುಖದಲ್ಲಿ ಗೆಲುವಿನ ಕಳೆಯೇ ಇರಲಿಲ್ಲ. ನಾನು ಇಲ್ಲ ಎನ್ನಬಹುದಿತ್ತು. "ಯೆಸ್" ಎಂದೆ. ವೃತ್ತದ ಹತ್ತಿರ ತಾಗಿದ ಕಲ್ಲನ್ನು ಇಡಬೇಕೋ ತೆಗೆಯಬೇಕೋ ಎಂದು ನಿಯಮದಂತೆ ಇನ್ನು ಅವಳೇ ಹೇಳಬೇಕು. ಅಷ್ಟರಲ್ಲಿ ನಮ್ಮ ಸ್ಕಿಪ್ ಕುಂಟುತ್ತಾ ಅಷ್ಟುದ್ದ ಐಸ್ ದಾಟಿ ಬಂದವರು, ತಮ್ಮ ಕಲ್ಲನ್ನು ತಾವೇ ಕಾಲಿನಿಂದ ಪಕ್ಕಕ್ಕೆ ತಳ್ಳಿದರು. ಮಂಕಿ ಕ್ಯಾಪ್ ತೆಗೆದು ಆ ಹುಡುಗಿಯ ಕೈ ಕುಲುಕಿದರು. ಆಮೇಲೆ ನನ್ನ ಹತ್ತಿರ ಬಂದು, "ಸರಿ ಮಾಡಿದಿ" ಎಂದರು.

ಈ ಆಟದಲ್ಲಿ ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸುವುದು ರೂಢಿ. ಒಂದೇ ಮೇಜಿಗೆ ಕೂತೆವು. ಸ್ಕಿಪ್ ಲೆಮನ್ ಲೈಮ್ ಬಿಟರ್ಸ್ ಎಂಬ ನಿಂಬೆ ಪಾನಕ ಕುಡಿಯುತ್ತಾ ಕೆನಡಾದಲ್ಲಿ ಯಾವ ಬೂಟು ಬೇಕು, ಎಷ್ಟು ಪದರ ಬಟ್ಟೆ ಬೇಕು ಎಂದು ಆ ಹುಡುಗಿಯರಿಗೆ ಹೇಳಿಕೊಡುತ್ತಿದ್ದರು. ಅಲ್ಲಿ ಇಬ್ಬರು ಮುದುಕಿಯರು ಬಂದು ಹುಡುಕುತ್ತಾರೆ, ನಾನು ಕೇಳಿದೆ ಅಂತ ಹೇಳಿ ಎಂದರು. ನಾನು ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟೆ. ದುಃಖಕ್ಕೆ ಅತ್ತೆನೆಂದು ಎಲ್ಲರೂ ಸಮಾಧಾನ ಮಾಡಿದರು. ನಿಜ ಹೇಳಬೇಕೆಂದರೆ ಆ ಅಳುವಿನಲ್ಲಿ ಹಗುರವೂ ಇತ್ತು. ಸೋತೆವು, ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಹಗುರ. ಅದನ್ನೇ ನಾನು ಇವತ್ತಿನವರೆಗೂ ಜೀರ್ಣಿಸಿಕೊಳ್ಳಲಾಗದೆ ಇರುವುದು.

ಮನೆಗೆ ಬಂದಾಗ ಮಗಳು ಓಡಿ ಬಂದು, "ಡಿಡ್ ಯೂ ವಿನ್, ಮಮ್ಮಾ?" ಎಂದಳು. ಗಂಡ, "ಹೋಗ್ಲಿ ಬಿಡು, ನೆಕ್ಸ್ಟ್ ಇಯರ್ ನೋಡಿದ್ರಾಯ್ತು" ಎಂದ. ನೆಕ್ಸ್ಟ್ ಇಯರ್ ಇಲ್ಲದವರು ಯಾರೆಂದು ಅವನಿಗೇನು ಗೊತ್ತು.

ಸೋತ ಮೇಲೆಯೇ ನಾನು ಅವರನ್ನು ಕರೆದದ್ದು, ಆದರೂ ಗೃಹಪ್ರವೇಶಕ್ಕೆ ಸ್ಕಿಪ್ ಬಂದರು. ಹಿಂದಿನ ದಿನವೇ ಬಂದು, ನೆಲದ ಮೇಲೆ ಕೂರಲಾಗದೆ ನಿಂತೇ ತರಕಾರಿ ಹೆಚ್ಚಿದರು. ಅತ್ತೆಗೂ ಅವರಿಗೂ ಒಂದು ಗಂಟೆಯಲ್ಲಿ ಸ್ನೇಹವಾಯಿತು. ಹಾಲು ಉಕ್ಕಿದ ಮೇಲೆ, ಹೋಮದ ಹೊಗೆಗೆ ಸ್ಮೋಕ್ ಅಲಾರ್ಮ್ ಕೂಗಿ ಎಲ್ಲರೂ ಟವೆಲ್ ಬೀಸುತ್ತಿದ್ದಾಗ, ನಾನು ಗಂಡನಿಗೆ ಸುಮ್ಮನೆ ಹೇಳಿದೆ: "ಆಂಟಿ ರಜೆ ಹಾಕಿ ಬಂದಿದ್ದಾರೆ, ಪಾಪ, ಲಾಸ್ಟ್ ಮಿನಿಟ್‌ನಲ್ಲಿ."

"ಲಾಸ್ಟ್ ಮಿನಿಟ್ ಏನಲ್ಲ. ನಾನು ಆಗಸ್ಟ್‌ನಲ್ಲೇ ಫೋನ್ ಮಾಡಿ ಡೇಟ್ ಹೇಳಿದ್ದೆನಲ್ಲ. ನೀವು ಸಿಡ್ನಿಗೆ ಆಡೋಕೆ ಹೋಗೋ ಮುಂಚೇನೇ."

ಟವೆಲನ್ನು ಅವನ ಕೈಗೆ ತುರುಕಿ ಒಳಗೆ ಹೋದೆ.

ಅಡುಗೆಮನೆಯಲ್ಲಿ ಸ್ಕಿಪ್ ಪಾಯಸದ ಮುಂದೆ ನಿಂತಿದ್ದರು. ಕಟ್ಟೆಯ ಮೇಲೆ ಅವರ ಫೋನು. ಅದರಲ್ಲಿ ಆ ಕೆಂಪು ಕೂದಲಿನ ಹುಡುಗಿ ಮತ್ತವಳ ತಂಡ ಹಸಿರು ಹಳದಿ ಜಾಕೆಟ್ ಹಾಕಿಕೊಂಡು ಕೈ ಬೀಸುತ್ತಾ ಸಾಲಾಗಿ ಐಸಿನ ಮೇಲೆ ಬರುತ್ತಿದ್ದರು. ನನ್ನನ್ನು ಕಂಡ ಕೂಡಲೇ ಫೋನನ್ನು ಮಗುಚಿ ಇಟ್ಟರು.

"ನಿಮಗೆ ಡೇಟ್ ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು."

"ಮತ್ಯಾಕೆ ಕೇಳಲಿಲ್ಲ ಸ್ಕಿಪ್?"

ಅವರು ಸೌಟು ಆಡಿಸುತ್ತಲೇ ಇದ್ದರು. "ಕೇಳಿದ್ರೆ ನೀನು ಬರುದಿಲ್ಲ ಅಂತಿದ್ದಿ. ನೀನು ಬಾರದಿದ್ರೆ ನಾವು ಮೂರೇ ಜನ. ನಾನೂ ಆಸೆಬುರುಕಿಯೇ ಮಾರಾಯ್ತಿ. ಗೆದ್ದ ಮೇಲೆ ನಿನ್ನ ಅತ್ತೆಯ ಕಾಲು ಹಿಡಿದಾದ್ರೂ ಕರ್ಕೊಂಡು ಹೋಗುವ ಅಂತ ಇದ್ದೆ. ನಿನ್ನ ಸಂಕಟ ನೋಡಿಯೂ ನೋಡದ ಹಾಗೆ ಇದ್ದೆ ನಾನು. ಅದು ತಪ್ಪು."

ತಪ್ಪು ಎಂಬ ಮಾತು ನನ್ನ ಬಾಯಿಂದ ಬರಬೇಕಿತ್ತು, ಅವರ ಬಾಯಿಂದ ಬಂತು. "ಸ್ಕಿಪ್, ಆವತ್ತು ಬ್ರೂಮು..." ಎಂದು ಶುರು ಮಾಡಿದೆ.

"ಎಂತ ಬ್ರೂಮು? ನೀನು ತಾಗಿತು ಅಂದಿ. ನಂಗೆ ಅಷ್ಟು ಸಾಕು." ಸೌಟನ್ನು ತಟ್ಟೆಯ ಮೇಲಿಟ್ಟರು. "ಗೋಡಂಬಿ ಎಲ್ಲಿ? ತುಪ್ಪ ಕಾಯ್ತು, ಬೇಗ ಕೊಡು."

ಗೋಡಂಬಿ ಕೊಟ್ಟೆ. ಮತ್ತೆ ಆ ಮಾತು ಎತ್ತುವ ಧೈರ್ಯ ನನಗೆ ಬರಲೇ ಇಲ್ಲ. ಎತ್ತಿ ಏನು ಹೇಳುವುದು? ತಾಗಿರಲಿಲ್ಲ ಎಂದು ಹೇಳಲು ತಾಗಿರಲಿಲ್ಲವೆಂಬುದು ಗೊತ್ತಿರಬೇಕಲ್ಲ. ಎಷ್ಟೋ ಸಲ ಅಡುಗೆಮನೆಯ ಪೊರಕೆ ಹಿಡಿದು ಆ ಓಟವನ್ನು ನೆನೆಸಿಕೊಂಡಿದ್ದೇನೆ. ಒಂದು ದಿನ ತಟ್ಟಿದ್ದು ನಿಚ್ಚಳವಾಗಿ ನೆನಪಾಗುತ್ತದೆ, ಮರುದಿನ ಏನೂ ಇಲ್ಲ.

ಮೊಣಕಾಲಿನ ಆಪರೇಷನ್ ಆದ ಮೇಲೆ ಸ್ಕಿಪ್ ಆಡಲಿಲ್ಲ. ಆದರೆ ಹೆಂಗಸರನ್ನು ಹುಡುಕುವ ಅವರ ರೀತಿ ಬದಲಾಯಿತು. ಊಟದ ಕ್ಯೂನಲ್ಲಿ ಹಿಡಿದವಳನ್ನು ಮರುದಿನ ರಿಂಕಿಗೆ ಕರೆಯುವುದು ಬಿಟ್ಟರು, ತಾವೇ ಅವಳ ಮನೆಗೆ ಹೋಗುತ್ತಿದ್ದರು. ಗಂಡ, ಅತ್ತೆ, ಮಾವ ಯಾರಿದ್ದರೂ ಅವರ ಮುಂದೆ ಕೂತು, ಪಂದ್ಯದ ತಾರೀಖುಗಳನ್ನೆಲ್ಲ ಹೇಳಿ, "ಆ ವಾರ ನಿಮ್ಮಲ್ಲಿ ಮದುವೆ ಮುಂಜಿ ಎಂತ ಉಂಟು? ಈಗಲೇ ಹೇಳಿ" ಎಂದು ಕೇಳುತ್ತಿದ್ದರು. ಪಂಜಾಬಿ ಮನೆಯಲ್ಲಿ ತಮ್ಮ ಹರಕು ಹಿಂದಿಯಲ್ಲಿ ಅದನ್ನೇ ಕೇಳುವರು. ಸಂಘದ ಮೀಟಿಂಗ್‌ನಲ್ಲಿ ಜಗಳವಾಡಿ, ತಾರೀಖುಗಳನ್ನು ಒಂದು ವರ್ಷ ಮೊದಲೇ ಗೊತ್ತುಮಾಡಿಸಿದರು. ರಿಂಕಿಗೆ ಮಕ್ಕಳೂ ಬಂದರು, ಅತ್ತೆಯರೂ ಶಾಲು ಹೊದ್ದು ಬಂದು ಕೂತರು. ಮೂರು ಜನರ ಪಟ್ಟಾಂಗ ಹೋಗಿ ಎರಡೂ ಊರುಗಳಲ್ಲಿ ತಂಡಗಳಾದವು. ಎಲ್ಲರೂ ಮೆಚ್ಚಿದರು. ಅದೆಲ್ಲ ಎಲ್ಲಿಂದ ಶುರುವಾಯಿತೆಂದು ನನಗೆ ಗೊತ್ತಿದ್ದುದರಿಂದ ನಾನು ಮಾತ್ರ ಚಪ್ಪಾಳೆ ತಟ್ಟುವಾಗಲೂ ತಲೆ ತಗ್ಗಿಸಿಯೇ ತಟ್ಟಿದೆ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ಕಾಫಿಗೆ ಏಳಲಿಲ್ಲ. ಅವರ ಮಗ ಫೋನ್ ಮಾಡಿದ. ಮೊದಲ ಫ್ಲೈಟ್ ಹಿಡಿದು ಸಿಡ್ನಿಗೆ ಹೋದೆ. ಅಂತ್ಯಕ್ರಿಯೆಗೆ ಅಷ್ಟೊಂದು ಹೆಂಗಸರು ಬಂದಿದ್ದನ್ನು ನೋಡಿ ಅವರ ನೆಂಟರೇ ಬೆರಗಾದರು. ಅವರಲ್ಲಿ ಮುಕ್ಕಾಲು ಪಾಲು ನನಗೆ ಪರಿಚಯವಿಲ್ಲದವರು. ಆದರೆ ಅವರಿಗೆ ನನ್ನ ಪರಿಚಯವಿತ್ತು. ಒಬ್ಬರಾದ ಮೇಲೆ ಒಬ್ಬರು ಬಂದು ನನ್ನ ಕೈ ಹಿಡಿದು, "ನೀವೇ ಅಲ್ವಾ, ಫೈನಲ್‌ನಲ್ಲಿ ಕೈ ಎತ್ತಿದವರು?" ಎನ್ನುತ್ತಿದ್ದರು. ಕೆಂಪು ಕೂದಲಿನ ಹುಡುಗಿಯೂ ಬಂದಿದ್ದಳು. ಹೊಸಬರಿಗೆ ಪಾಠ ಶುರು ಮಾಡುವಾಗೆಲ್ಲ ಅವರು ಮೊದಲು ನಿನ್ನ ಕಥೆಯನ್ನೇ ಹೇಳುತ್ತಿದ್ದರು ಎಂದಳು. ಮೆಲ್ಬರ್ನಿನ ನಮ್ಮ ಹುಡುಗಿ, ಗೆದ್ದ ಕಲ್ಲು, ಯಾರೂ ನೋಡಿರಲಿಲ್ಲ, ಆದರೂ ಕೈ ಎತ್ತಿದಳು. ಇಷ್ಟು ವರ್ಷ ಸಿಡ್ನಿಯಲ್ಲಿ ಅವರು ನನ್ನನ್ನು ಹೀಗೆ ಎತ್ತಿ ಹಿಡಿಯುತ್ತಿದ್ದರು, ನನಗೆ ಒಂದು ದಿನವೂ ಹೇಳಿರಲಿಲ್ಲ. ಚಿತಾಗಾರದ ಬಾಗಿಲಲ್ಲಿ ನಿಂತು, ಆ ಹೊಗಳಿಕೆಯನ್ನೆಲ್ಲ ಕೇಳಿಸಿಕೊಳ್ಳುತ್ತಾ, ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ.

ಈಗ ಮೆಲ್ಬರ್ನಿನಲ್ಲಿ ಹೊಸ ಹೆಂಗಸರಿಗೆ ಕಲಿಸುವ ಕೆಲಸ ನನ್ನದು. ಹೋದ ಶನಿವಾರ ಡಾಕ್‌ಲ್ಯಾಂಡ್ಸ್‌ಗೆ ಹಾಸನದ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಇನ್ನೂ ಸ್ಟೂಡೆಂಟ್ ವೀಸಾ. ಕ್ವೇಕರ್ಸ್ ಹಿಲ್‌ನಲ್ಲಿರುವ ಅವಳ ಅಕ್ಕ ಸ್ಕಿಪ್‌ನ ಶಿಷ್ಯೆಯಂತೆ. ಬ್ರೂಮ್ ಕಲ್ಲಿಗೆ ತಾಗಿದರೆ ಕೈ ಎತ್ತಬೇಕು ಎಂದು ನಾನು ಹೇಳುತ್ತಿದ್ದ ಹಾಗೆಯೇ ಅವಳ ಕಣ್ಣು ಅರಳಿತು.

"ಅಕ್ಕ, ಆ ಕಥೆ ನಿಮ್ಮದೇ ಅಲ್ವಾ? ಅಷ್ಟು ಜೋರಾಗಿ ಉಜ್ಜುವಾಗ ತಾಗಿದ್ದು ನಿಮಗೆ ಹೆಂಗೆ ಗೊತ್ತಾಯ್ತು?"

ನನಗೆ ಸುಳ್ಳು ಹೇಳಲು ಆಗಲಿಲ್ಲ.

"ನಂಗೆ ಗೊತ್ತಾಗಲಿಲ್ಲ ಕಣೆ," ಎಂದೆ. "ಅವರು ನಂಬಿದ್ರು."

ನಾನು ವಿನಯಕ್ಕೆ ಹಾಗೆ ಹೇಳುತ್ತಿದ್ದೇನೆ ಎಂದುಕೊಂಡು ಅವಳು ನಕ್ಕಳು. ಬ್ರೂಮ್ ಎತ್ತಿಕೊಂಡು ಐಸಿಗೆ ಇಳಿದಳು.